ಚಕ್ಕಿನೊಳಗಿನ ಕುಂಕುಮ

ಲೇಥಿನ ಕೆಲಸ ಕಲಿಯುತ್ತೇವೆ ಎಂದು ಈಚೆಗೆ ನನ್ನನ್ನು ಹುಡುಕಿಕೊಂಡು ಬರುವವರೆಲ್ಲ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವರು. ಒಂದು ಬೆಳಿಗ್ಗೆ ಆಫೀಸಿನವರು ಲ್ಯಾಪ್‌ಟಾಪು ವಾಪಸು ಕೇಳಿದ ಮೇಲೆ ಇವರಿಗೆ ಕಬ್ಬಿಣದ ಮೇಲೆ ಪ್ರೀತಿ ಹುಟ್ಟಿದೆ. ತಪ್ಪೇನಿಲ್ಲ. ಸಂಜೆ ಕಾಲೇಜಿಗೆ ಸೇರಿ, ಗೀರು ಬೀಳದ ಸೇಫ್ಟಿ ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಬಂದು, "ಅಂಕಲ್, ಈ ಫೀಲ್ಡಲ್ಲಿ ಸ್ಕೋಪ್ ಹೇಗಿದೆ?" ಎಂದು ಕೇಳುತ್ತಾರೆ.

ಸ್ಕೋಪಿನ ವಿಷಯ ನನಗೆ ಗೊತ್ತಿಲ್ಲ. ಉದ್ದ ಕೂದಲಿದ್ದರೆ ಕಟ್ಟಿ, ಉಂಗುರವಿದ್ದರೆ ಬಿಚ್ಚಿಡಿ, ಫೋನನ್ನು ಕಾರಿನಲ್ಲಿ ಬಿಟ್ಟು ಬನ್ನಿ. ನೀವು ಎಲ್ಲಿ ಓದಿದ್ದೀರಿ ಎಂದು ಲೇಥು ಕೇಳುವುದಿಲ್ಲ. ಅದಕ್ಕೆ ಶರ್ಟಿನ ತೋಳು ಸಿಕ್ಕಿದರೆ ಸಾಕು, ಉಳಿದ ಮನುಷ್ಯನನ್ನು ತಾನೇ ಎಳೆದುಕೊಳ್ಳುತ್ತದೆ. ಇದಿಷ್ಟನ್ನು ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಆದರೆ ಬಂದವರು ಏಳುವುದಿಲ್ಲ. ಆದ್ದರಿಂದ ಬರೆದೇ ಕೊಟ್ಟುಬಿಡೋಣ ಎಂದು ಕೂತಿದ್ದೇನೆ.

ನಾನು ಕೆಂಪರಾಜು, ಮದ್ದೂರಿನ ಕಡೆಯವನು. ಊರಲ್ಲಿ ಸಕ್ಕರೆ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದೆ. ಹೆಂಡತಿ ಸುನಂದಾ ನರ್ಸು. ಅಮೆರಿಕ ಕರೆದದ್ದು ಅವಳನ್ನು. ನಾನು ಅವಳ ಲಗೇಜಿನ ಜೊತೆ ಬಂದೆ. ಮಿಲ್ಪಿಟಾಸಿನಲ್ಲಿ ಮನೆ ಹಿಡಿದೆವು. ಕನ್ನಡದವರ ಸಮಾರಂಭಗಳಲ್ಲಿ "ಯಾವ ಕಂಪನಿ?" ಎಂದು ಕೇಳುತ್ತಿದ್ದರು. "ಮ್ಯಾನಿಯ ಶೆಡ್ಡು" ಎನ್ನುತ್ತಿದ್ದೆ. ಅದು ಹೊಸ ಸ್ಟಾರ್ಟಪ್ಪಿರಬೇಕು ಎಂದು ಒಬ್ಬರಿಬ್ಬರು ತಮ್ಮ ಮಗನ ರೆಸ್ಯೂಮೆಯನ್ನೂ ಕಳಿಸಿದರು.

ಮ್ಯಾನಿ ಎಂದರೆ ನನ್ನ ಧಣಿ. ಪೋರ್ಚುಗಲ್ ಕಡೆಯ ದ್ವೀಪದಿಂದ ಬಂದ ಹಾಲಿನ ವ್ಯಾಪಾರದವರ ಮೊಮ್ಮಗ. ಹಸು ಕಂಡರೆ ಆಗುತ್ತಿರಲಿಲ್ಲವಾದ್ದರಿಂದ ಬೆರ್ರಿಯೆಸಾದಲ್ಲಿ ಟೈಲ್ಸ್ ಅಂಗಡಿಯ ಪಕ್ಕ ಯಂತ್ರದ ಶೆಡ್ಡು ಹಾಕಿದ್ದ. ನನ್ನ ಇಂಟರ್‌ವ್ಯೂ ಹೀಗೆ ನಡೆಯಿತು. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಬೆರಳುಗಳನ್ನು ನೋಡಿ, "ಎಲ್ಲಾ ಇವೆಯಲ್ಲ. ಈ ಕೆಲಸ ಮಾಡಿಯೂ ಬೆರಳು ಉಳಿಸಿಕೊಂಡವನು ಒಂದೋ ಜಾಣ, ಇಲ್ಲಾ ಸೋಮಾರಿ. ಯಾವುದು ಅಂತ ಆಮೇಲೆ ಹೇಳ್ತೀನಿ" ಎಂದ. ನಾನು ನಿವೃತ್ತನಾದರೂ ಅವನು ಹೇಳಲಿಲ್ಲ. ಅವನ ಇಂಗ್ಲಿಷನ್ನು ಇಲ್ಲಿ ಕನ್ನಡಕ್ಕೆ ತಂದು ಬೈಗುಳ ತೆಗೆದಿದ್ದೇನೆ. ಅದರಿಂದ ಅವನ ಮಾತು ಅರ್ಧಕ್ಕೆ ಇಳಿದಿದೆ.

ಗಿರಾಕಿಗಳೆಂದರೆ ಬಗೆಬಗೆಯವರು. ವೈನ್ ಮಾಡುವವರ ಪಂಪು, ಚರ್ಚಿನ ಗಂಟೆಯ ಅಚ್ಚು, ಯಾರದೋ ವೀಲ್‌ಚೇರಿನ ಚಕ್ರ. ಸ್ಟಾರ್ಟಪ್ಪಿನ ಹುಡುಗರು ಒಮ್ಮೆ ಲೋಹದ ಗಟ್ಟಿಯೊಳಗೆ ತಿರುವು ತಗೊಳ್ಳುವ ತೂತಿನ ಡ್ರಾಯಿಂಗು ತಂದರು. ಹೊರಗಿಂದ ನೆಟ್ಟಗೆ ಒಳಹೋದ ತೂತು ನಡುವೆ ಬಲಕ್ಕೆ ಹೊರಳಬೇಕು. ಮ್ಯಾನಿ ಡ್ರಾಯಿಂಗನ್ನು ತಲೆಕೆಳಗು ಮಾಡಿಯೂ ನೋಡಿದ. "ಮಾಡಬಹುದು. ಆದರೆ ಡ್ರಿಲ್ಲಿಗೆ ಮೊದಲು ಕುಡಿಸಬೇಕು" ಎಂದ. ಹುಡುಗರು ಅದನ್ನೂ ನೋಟ್ ಮಾಡಿಕೊಂಡರು.

ಆಮೇಲೆ ಕಂಪ್ಯೂಟರ್ ಲೇಥು ಬಂತು. ಗಾಜಿನ ಬಾಗಿಲು ಹಾಕಿಕೊಂಡು ಒಳಗೊಳಗೇ ಕೆಲಸ ಮಾಡುವ ಯಂತ್ರ. ಮ್ಯಾನಿಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅದು ಸ್ವಲ್ಪ ಗುರ್ ಎಂದರೂ ಓಡಿಹೋಗಿ ಕೆಂಪು ಗುಂಡಿ ಒತ್ತುತ್ತಿದ್ದ. ನನಗೇನೂ ಅದರ ಮೇಲೆ ಹಗೆಯಿಲ್ಲ. ಒಂದೇ ಥರದ ಸಾಮಾನು ರಾಶಿಗಟ್ಟಲೆ ಬೇಕಾದಾಗ ಅದು ಮಾಡಿದಂತೆ ನಾನು ಮಾಡಲಾರೆ, ನನಗೆ ಬೇಜಾರಾಗುತ್ತದೆ. ಆದರೆ ಒಂದೇ ಒಂದು ಇದ್ದು, ಕೆಟ್ಟರೆ ಇನ್ನೊಂದು ಸಿಗದ ವಸ್ತು ಬಂದರೆ ಶೆಡ್ಡಿನ ಮೂಲೆಯ ಹಳೆಯ ಕೈಲೇಥಿಗೇ ಬರುತ್ತಿತ್ತು. ಈಗ ಹೇಳುವ ಕಥೆ ಆ ಮೂಲೆಯದು.

ಅದಕ್ಕೆ ಮುಂಚೆ ಆಯುಧ ಪೂಜೆಯ ವಿಷಯ. ಸೇರಿದ ಮೊದಲ ವರ್ಷವೇ ಮ್ಯಾನಿಗೆ ಹೇಳಿದ್ದೆ, ಆವತ್ತು ಯಂತ್ರ ಓಡಿಸುವುದಿಲ್ಲ, ತೊಳೆದು ಪೂಜೆ ಮಾಡುತ್ತೇನೆ ಎಂದು. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಖುಷಿಪಟ್ಟ. ಅವರ ಕಡೆ ದೋಣಿಗೂ ಹೂ ಕಟ್ಟಿ ಪಾದ್ರಿಯಿಂದ ನೀರು ಚಿಮುಕಿಸುತ್ತಾರಂತೆ, ಲೇಥಿಗೆ ಯಾಕೆ ಬೇಡ ಎಂದ. ಸುನಂದಾ ಮಾಡಿದ ಪುಳಿಯೋಗರೆ ತಿಂದ ಮೇಲಂತೂ ಆ ಹಬ್ಬ ನನ್ನ ಕೈಬಿಟ್ಟು ಅವನದಾಯಿತು. ತಾನೇ ಅರಿಶಿನ ಕುಂಕುಮ ಕಲಸುತ್ತಿದ್ದ. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಪಾರ್ಕಿಂಗ್ ಜಾಗದಲ್ಲಿ ತಾನೇ ಒಡೆಯುತ್ತಿದ್ದ. ಪಕ್ಕದ ಟೈಲ್ಸ್ ಅಂಗಡಿಯವನು ಒಮ್ಮೆ ಅದನ್ನು ನೋಡಿ, ಯಾರಿಗೆ ಪೆಟ್ಟಾಯಿತು ಎಂದು ಬ್ಯಾಂಡೇಜು ಹಿಡಿದು ಓಡಿ ಬಂದ.

ಮ್ಯಾನಿಯ ತೊಂದರೆಯೇನೆಂದರೆ ಅವನಿಗೆ ಯಾವುದನ್ನೂ ಹಿತಮಿತವಾಗಿ ಮಾಡಿ ಗೊತ್ತಿಲ್ಲ. ಊಟವೂ ಅಷ್ಟೆ, ಭಕ್ತಿಯೂ ಅಷ್ಟೆ. ನಾವು ಯಂತ್ರದ ಹಣೆಗೆ ಒಂದು ಬೊಟ್ಟು ಇಟ್ಟು ಮುಂದಕ್ಕೆ ಹೋಗುತ್ತೇವೆ. ಅವನು ವರ್ಷದಿಂದ ವರ್ಷಕ್ಕೆ ಹಣೆಯಿಂದ ಕೆಳಗಿಳಿಯುತ್ತಾ ಬಂದ.

ನಾನು ಹೇಳುತ್ತಿರುವ ಆ ವರ್ಷ ಪೂಜೆ ಮುಗಿಸಿದ ಮೇಲಿನ ಸೋಮವಾರ ಶೆಡ್ಡಿಗೆ ಇಬ್ಬರು ಹೆಂಗಸರು ಬಂದರು. ಹಿರಿಯರು ಮುತ್ತಮ್ಮ, ಕೊಡಗಿನವರು. ಸುನಂದಾ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಅವರ ಬಲಭುಜದ ಆಪರೇಷನ್ ಆಗಿತ್ತು. ಅವಳೇ ನಮ್ಮ ವಿಳಾಸ ಕೊಟ್ಟಿದ್ದಳು. ಇನ್ನೊಬ್ಬಳು ಅವರ ಮಗಳು ರೇಷ್ಮಾ, ಫಾಸ್ಟರ್ ಸಿಟಿಯಲ್ಲಿ ಔಷಧದ ಕಂಪನಿಯೊಂದರ ಲ್ಯಾಬಿನಲ್ಲಿರುವವಳು. ರೈಫಲಿನ ಪೆಟ್ಟಿಗೆ ಅವಳ ಕೈಯಲ್ಲಿತ್ತು. ಅದನ್ನು ಮೈಗೆ ತಾಗಿಸದೆ, ತುಂಬಿದ ಕಸದ ಚೀಲ ಹಿಡಿದವಳಂತೆ ಹಿಡಿದಿದ್ದಳು. ಕೊಡಗಿನಿಂದ ನಮ್ಮ ಮಂಡ್ಯಕ್ಕೆ ನೀರು ಬರುತ್ತದೆ ಎಂದು ಗೊತ್ತಿತ್ತು, ಬಂದೂಕೂ ಬರುತ್ತದೆ ಎಂದು ತಿಳಿದದ್ದು ಆವತ್ತೇ.

"ಭುಜಕ್ಕೆ ಆಪರೇಷನ್ ಆಗಿ ಉಂಟು" ಎಂದರು ಮುತ್ತಮ್ಮ. "ಇದು ಒದ್ದರೆ ತಡೀಲಿಕ್ಕೆ ಆಗೋದಿಲ್ಲ. ಒದೆ ಕಡಿಮೆಯಾಗುವ ಹಾಗೆ ಮಾಡಿ ಕೊಡಿ. ಶನಿವಾರಕ್ಕೆ ಬೇಕು."

ಶನಿವಾರ ಅವರ ಕೈಲ್ ಪೊಳ್ದ್. ಕೊಡವರು ಆಯುಧಗಳಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಹಬ್ಬ. ಆಗಬೇಕಾದದ್ದು ಸೆಪ್ಟೆಂಬರಿನಲ್ಲಿ. ಕಾಡ್ಗಿಚ್ಚಿನ ಭಯದಿಂದ ಮೊದಲ ಮಳೆ ಬಿದ್ದು ಗುಡ್ಡದ ಹುಲ್ಲು ನೆನೆಯುವವರೆಗೂ ಮುಂದಕ್ಕೆ ಹಾಕಿದ್ದರು. ಈ ಊರಲ್ಲಿ ಹಬ್ಬಗಳೆಲ್ಲ ಪಂಚಾಂಗ ಬಿಟ್ಟು ಶನಿವಾರಕ್ಕೆ ಬಂದು ಕೂತು ಬಹಳ ಕಾಲವಾಯಿತು.

"ಅಂಕಲ್, ಆಗಲ್ಲ ಅಂದ್ರೆ ಪ್ಲೀಸ್ ಈಗಲೇ ಹೇಳಿ" ಎಂದಳು ರೇಷ್ಮಾ. "ಡಾಕ್ಟರು ಇವರಿಗೆ ಗ್ರೋಸರಿ ಬ್ಯಾಗ್ ಕೂಡ ಎತ್ತಬೇಡಿ ಅಂದಿದಾರೆ. ಐ ಡೋಂಟ್ ವಾಂಟ್ ದಿಸ್ ಥಿಂಗ್ ಇನ್ ದ ಹೌಸ್."

ಮುತ್ತಮ್ಮ ನನ್ನ ಕಡೆ ತಿರುಗಿದರು. "ಮಗಳಿಗೆ ಮಾತು ಕೊಟ್ಟಿದ್ದೇನೆ. ಶನಿವಾರ ಹೊಡೆಯುವಾಗ ನೋವಾದರೆ ಬಂದೂಕು ಮಾರಿಬಿಡೋದು. ಅವಳು ಡೀಲರ್ ಹತ್ತಿರ ಮಾತಾಡಿಯೂ ಆಯ್ತು. ಇದು ನಮ್ಮ ಯಜಮಾನರು ಇಲ್ಲಿಗೆ ಬಂದ ಹೊಸದರಲ್ಲಿ ತಗೊಂಡದ್ದು. ಅವರಿಲ್ಲ. ಇದೂ ಹೋದರೆ ಬಂದೂಕಿಲ್ಲದ ಮನೆಯಲ್ಲಿ ಕೈಲ್ ಪೊಳ್ದ್ ಅಂತ ನಾನು ಏನು ಮಾಡೋದು? ಅಡುಗೆ ಮಾಡಿ ಉಣ್ಣೋದಾ?"

"ಒದೆ ಪೂರ್ತಿ ನಿಲ್ಲಿಸಕ್ಕಾಗಲ್ಲ ಕಣಮ್ಮ. ಅರ್ಧದಷ್ಟು ಕಮ್ಮಿ ಮಾಡ್ಬೋದು" ಎಂದೆ. ಅದಕ್ಕೊಂದು ಸಾಧನವಿದೆ. ಪಕ್ಕಕ್ಕೆ ಸೀಳುಗಳಿರುವ ಉಕ್ಕಿನ ಗಿಡ್ಡ ಕೊಳವೆ. ಅದನ್ನು ನಳಿಕೆಯ ತುದಿಗೆ ತಿರುಪಿದರೆ ಗುಂಡಿನ ಹಿಂದೆ ಬರುವ ಗಾಳಿ ಅಕ್ಕಪಕ್ಕಕ್ಕೆ ನುಗ್ಗಿ, ಹಿಂದಕ್ಕೆ ಒದೆಯುವುದು ತಗ್ಗುತ್ತದೆ. ಹೊಡೆಯುವವರ ಭುಜ ಉಳಿಯುತ್ತದೆ, ಪಕ್ಕದಲ್ಲಿ ನಿಂತವನ ಕಿವಿ ಹೋಗುತ್ತದೆ. ಅದನ್ನು ತಿರುಪಬೇಕಾದರೆ ನಳಿಕೆಯ ತುದಿಯಲ್ಲಿ ಬೋಲ್ಟಿಗಿರುವಂತೆ ಥ್ರೆಡ್ಡು ಕೊರೆಯಬೇಕು. ಅದು ನಮ್ಮ ಕೆಲಸ. ಬಂದೂಕು ಮುಟ್ಟಲು ಬೇಕಾದ ಲೈಸೆನ್ಸು ಮ್ಯಾನಿಯ ಹೆಸರಲ್ಲಿತ್ತು.

ಕಲಿಯುವವರು ಇಲ್ಲಿ ಕಿವಿಗೊಡಿ. ನಳಿಕೆಯ ಹೊರಮೈಯನ್ನು ನಂಬಬೇಡಿ. ಅದರ ತೂತು ಸರಿಯಾಗಿ ನಡುವೆಯೇ ಇರುತ್ತದೆ ಎಂದು ಮಾಡಿದವನು ಯಾರಿಗೂ ಮಾತು ಕೊಟ್ಟಿಲ್ಲ. ಥ್ರೆಡ್ಡು ಸುತ್ತಬೇಕಾದದ್ದು ತೂತಿನ ಸುತ್ತ, ಹೊರಮೈಯ ಸುತ್ತ ಅಲ್ಲ. ಕೂದಲೆಳೆ ಆಚೀಚೆ ಆದರೆ ತುದಿಗೆ ಹಾಕಿದ ಕೊಳವೆ ಓರೆಯಾಗುತ್ತದೆ, ಹೊರಡುವ ಗುಂಡು ಅದರ ಅಂಚಿಗೆ ಬಡಿಯುತ್ತದೆ. ಆಮೇಲೆ ತೆಂಗಿನಕಾಯಿ ಇರಲಿ, ನಿಂತವರು ಕ್ಷೇಮವಾಗಿದ್ದಾರಾ ಎಂದು ನೋಡಬೇಕಾಗುತ್ತದೆ. ಆದ್ದರಿಂದ ನಳಿಕೆಯನ್ನು ಲೇಥಿನ ತಿರುಗುವ ತಲೆಯಾದ ಚಕ್ಕಿನ ನಾಲ್ಕು ಉಕ್ಕಿನ ಹಿಡಿಗಳ ನಡುವೆ ಸಿಕ್ಕಿಸಿ, ತೂತಿನೊಳಗೆ, ಎಷ್ಟು ಆಚೀಚೆಯಿದೆ ಎಂದು ತೋರಿಸುವ ಡಯಲಿನ ಕಡ್ಡಿ ಇಟ್ಟು, ಕೈಯಿಂದ ತಿರುಗಿಸುತ್ತಾ, ಡಯಲಿನ ಮುಳ್ಳು ಅಲ್ಲಾಡದೆ ನಿಲ್ಲುವವರೆಗೂ ಒಂದೊಂದೇ ಹಿಡಿಯನ್ನು ಬಿಗಿ ಸಡಿಲ ಮಾಡುತ್ತಿರಬೇಕು. ಈ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬೇಡಿ, ಹೆಂಡತಿಯಾದರೂ ಸರಿ.

ಮುತ್ತಮ್ಮನವರ ರೈಫಲಿನಲ್ಲಿ ಇನ್ನೊಂದು ಇಕ್ಕಟ್ಟಿತ್ತು. ಗುರಿ ನೋಡುವ ಪುಟ್ಟ ಗೂಟ ತುದಿಯಿಂದ ಎರಡು ಬೆರಳಗಲ ಹಿಂದಿತ್ತು. ದುರ್ಬೀನು ಹಾಕಲು ಅವರು ಒಪ್ಪುವವರಲ್ಲ. ಥ್ರೆಡ್ಡಿಗೆ ಬೇಕಾದದ್ದು ಒಂದು ಬೆರಳಗಲ. ಅಂದರೆ ಸಾಕಷ್ಟಿತ್ತು, ದಂಡಿಯಾಗಿ ಇರಲಿಲ್ಲ.

ಬಂದೂಕು ಖಾಲಿ ಎಂದು ಮ್ಯಾನಿ ನೋಡಿದ, ನಾನು ನೋಡಿದೆ, ನನ್ನ ಮೇಲೆ ನಂಬಿಕೆಯಿಲ್ಲದೆ ಮ್ಯಾನಿ ಮತ್ತೆ ನೋಡಿದ. ಮರದ ಹಿಡಿ ಕಳಚಿಟ್ಟೆವು. ನಳಿಕೆಗೆ ಗಾಯವಾಗದಿರಲಿ ಎಂದು ಚಕ್ಕಿನ ಹಿಡಿಗಳಿಗೆ ತಾಮ್ರದ ಪಟ್ಟಿ ಹೊದಿಸುವುದು ವಾಡಿಕೆ. ಮ್ಯಾನಿ ಅದನ್ನು ಮೊದಲೇ ಹೊದಿಸಿ ಟೇಪು ಸುತ್ತಿಟ್ಟಿದ್ದ. "ಎಲ್ಲಾ ರೆಡಿ ಮಾಡಿದ್ದೀನಿ, ಬಿಚ್ಚಿ ಕೆಡಿಸಬೇಡ" ಎಂದ. ಧಣಿಯ ಮಾತು. ನಾನು ಡಯಲಿಟ್ಟು ತಾಳ್ಮೆಯಿಂದ ಮುಳ್ಳನ್ನು ನಿಲ್ಲಿಸಿದೆ. ನಿಂತಿತು, ಕೋಪ ಮಾಡಿಕೊಂಡ ಅಳಿಯನಂತೆ ಅಲ್ಲಾಡದೆ ನಿಂತಿತು.

ಎಣ್ಣೆ ಬಿಟ್ಟು ತುದಿಯನ್ನು ಸಣ್ಣಗೆ ಮಾಡತೊಡಗಿದೆ. ಮೊದಲು ಸುರುಳಿ ಸುರುಳಿಯಾಗಿ ಚೆನ್ನಾಗಿಯೇ ಬಂತು. ಆಮೇಲೆ ಸದ್ದು ಬದಲಾಯಿತು. ಒಂದೇ ಸಮ ಇದ್ದ ಸದ್ದು ಉಬ್ಬುತ್ತಾ ತಗ್ಗುತ್ತಾ ಬರತೊಡಗಿತು. ಲೇಥು ನಿಲ್ಲಿಸಿದೆ. ಚಕ್ಕಿನ ಸಂದಿಯಿಂದ ಕೆಂಪಗೆ ಒಂದು ಹನಿ ಇಳಿಯಿತು, ಅದರ ಹಿಂದೆ ಇನ್ನೊಂದು.

ಮ್ಯಾನಿ ನನ್ನ ಕೈ ಹಿಡಿದು ಬೆರಳು ನೋಡಿದ. ಬೆರಳೆಲ್ಲ ಇದ್ದವು. ತನ್ನದನ್ನೂ ನೋಡಿಕೊಂಡ. ಆಮೇಲೆ ಎದೆಯ ಮೇಲೆ ಶಿಲುಬೆ ಬರೆದುಕೊಂಡ.

ನಾನು ಆ ಹನಿಯನ್ನು ಮುಟ್ಟಿ ಮೂಸಿದೆ. ಅರಿಶಿನದ ವಾಸನೆ.

"ಮ್ಯಾನಿ, ಪೂಜೆ ದಿನ ಕುಂಕುಮ ಎಲ್ಲಿಟ್ಟೆ?"

"ಎಲ್ಲಾ ಕಡೆ ಇಟ್ಟೆ."

"ಎಲ್ಲಾ ಕಡೆ ಅಂದ್ರೆ?"

"ಹೊರಗಡೆ ಇಡೋದು ನೋಡೋರಿಗೋಸ್ಕರ. ಕೆಲಸ ಮಾಡೋದು ಒಳಗಿನ ಹಿಡಿ. ಅದಕ್ಕೂ ಇಟ್ಟೆ. ದಪ್ಪಗೆ."

ಪಟ್ಟಿ ಬಿಚ್ಚಿ ನೋಡಿದರೆ ಒಂದು ಹಿಡಿಯ ಒಳಮುಖದ ಮೇಲೆ ಅರಿಶಿನ ಕುಂಕುಮದ ಮುದ್ದೆ. ಒಣಗಿ ಗಟ್ಟಿಯಾಗಿದ್ದಾಗ ಅದು ಉಕ್ಕಿನಂತೆಯೇ ನಿಂತು ಡಯಲಿಗೂ ಮೋಸ ಮಾಡಿತ್ತು. ಎಣ್ಣೆ ಬಿದ್ದ ಮೇಲೆ ಕರಗಿ ಜಾರಿತು, ಅದರ ಜೊತೆ ನಳಿಕೆಯೂ ಓರೆಯಾಯಿತು. ಮತ್ತೆ ಡಯಲಿಟ್ಟೆ. ಮುಳ್ಳು ಜಾತ್ರೆಗೆ ಹೊರಟವರಂತೆ ಓಡಾಡಿತು. ಆ ಒಂದು ಬೆರಳಗಲದ ತುದಿ ಕೆಟ್ಟುಹೋಗಿತ್ತು. ಮುತ್ತಮ್ಮ ಭುಜ ಹಿಡಿದುಕೊಂಡು ಮಾತಾಡಿದ್ದೇ ಕಣ್ಣ ಮುಂದೆ ಬರುತ್ತಿತ್ತು.

ಮ್ಯಾನಿ ಮೊದಲು ವೆಲ್ಡಿಂಗ್ ಮಾಡೋಣವೇ ಎಂದ. ಬೇಡ ಎಂದೆ. ಇದೇ ಹೊಸ ಡಿಸೈನು ಎಂದು ಹೇಳೋಣವೇ ಎಂದ. ನಾನು ಫೋನನ್ನು ಅವನ ಮುಂದಿಟ್ಟೆ. ಸ್ವಲ್ಪ ಹೊತ್ತು ಶೆಡ್ಡಿನ ಹೊರಗೆ ನಡೆದಾಡಿ ಬಂದು ತಾನೇ ಮುತ್ತಮ್ಮನವರಿಗೆ ಫೋನು ಮಾಡಿದ. ಮಾರನೆಯ ದಿನ ಮಗಳನ್ನು ಬಿಟ್ಟು ಅವರೊಬ್ಬರೇ ಟ್ಯಾಕ್ಸಿಯಲ್ಲಿ ಬಂದರು. ಮ್ಯಾನಿ ಟೋಪಿ ತೆಗೆದು ನಿಂತು, ಏನೂ ಬಿಡದೆ ಹೇಳಿದ. ಅವನು ಅಷ್ಟು ಹೊತ್ತು ಬೈಗುಳವಿಲ್ಲದೆ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆವತ್ತು.

ಮುತ್ತಮ್ಮ ನಕ್ಕರು. ನಗುತ್ತಾ ಭುಜ ನೋಯಿಸಿಕೊಂಡು ಎಡಗೈಯಿಂದ ಒತ್ತಿ ಹಿಡಿದರು. "ಈಗ ಏನು ದಾರಿ ಉಂಟು?"

"ಕೆಟ್ಟ ತುದೀನ ಕತ್ತರಿಸಿ ಹಾಕಿ, ಉಳಿದ ಒಂದು ಬೆರಳಿನ ಜಾಗದಲ್ಲಿ ಮತ್ತೆ ಮಾಡ್ಬೋದು ಕಣಮ್ಮ" ಎಂದೆ. "ಆದ್ರೆ ಅದೂ ಕೆಟ್ರೆ ಗುರಿ ಗೂಟ ಹೋಯ್ತು. ಆಮೇಲೆ ಏನೂ ಮಾಡಕ್ಕಾಗಲ್ಲ."

"ಕೆಟ್ಟರೂ ಮಾರಬೇಕು, ಮಾಡದಿದ್ದರೂ ಮಾರಬೇಕು. ಕತ್ತರಿಸಿ. ಕುಂಕುಮ ಮಾತ್ರ ಇನ್ನು ಸಾಕು ಅಂತ ಅವರಿಗೆ ಹೇಳಿ."

ಹೇಳಿದೆ. ಮ್ಯಾನಿ ಚಕ್ಕಿನ ನಾಲ್ಕೂ ಹಿಡಿಗಳನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಯಾರ ಬ್ರಷ್ಷು ಎಂದು ಕೇಳಲಿಲ್ಲ. ಈ ಸಲ ತಾಮ್ರದ ಪಟ್ಟಿ ನಾನೇ ಹೊದಿಸಿದೆ. ಪ್ರತಿ ಸಲ ಉಳಿ ಹಾಯಿಸಿದ ಮೇಲೂ ಲೇಥು ನಿಲ್ಲಿಸಿ ಡಯಲಿಟ್ಟು ನೋಡಿದೆ. ನಿಮಗೂ ಅದನ್ನೇ ಹೇಳುತ್ತೇನೆ, ಶುರುವಿನಲ್ಲಿ ಸರಿಯಿತ್ತು ಎನ್ನುವುದು ಯಾವುದಕ್ಕೂ ಗ್ಯಾರಂಟಿಯಲ್ಲ. ಥ್ರೆಡ್ಡಿನ ಕೊನೆಯ ಸುತ್ತು ಮುಗಿದು, ಕೊಳವೆಯನ್ನು ತಿರುಪಿ, ತೂತಿನೊಳಗೆ ನೆಟ್ಟನೆಯ ಸಲಾಕೆ ತೂರಿಸಿ ನೋಡಿದರೆ ಅದು ಎಲ್ಲೂ ತಾಗದೆ ನಡುವೆಯೇ ಹೊರಬಂತು. ಮ್ಯಾನಿ ಸಲಾಕೆಗೆ ಮುತ್ತು ಕೊಟ್ಟ. ಎಣ್ಣೆಯಾಗಿದ್ದದ್ದು ಅವನಿಗೆ ಆಮೇಲೆ ಗೊತ್ತಾಯಿತು. ಶೂಟಿಂಗ್ ರೇಂಜಿನಲ್ಲಿ ಬಂದೂಕನ್ನು ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ ದೂರದಿಂದ ಎಳೆದು, ಮರಳಿನ ದಿಬ್ಬಕ್ಕೆ ಅವನೇ ಗುಂಡು ಹಾರಿಸಿ ನೋಡಿದ. ಕೊಳವೆಯ ಒಳಗೆ ಗೀರಿರಲಿಲ್ಲ.

ಕತ್ತರಿಸಿ ಬಿದ್ದ ತುದಿ ಒಂದು ಉಂಗುರದ ಹಾಗಿತ್ತು. ಬಂದೂಕು ಒಯ್ಯಲು ಬಂದ ಮುತ್ತಮ್ಮ ಅದನ್ನೂ ಕೇಳಿ ತಗೊಂಡರು.

ಶನಿವಾರ ಮ್ಯಾನಿಗೂ ನನಗೂ ಕರೆಯಿತ್ತು. ಲಿವರ್‌ಮೋರಿನ ಆಚೆ ಅವರ ಪರಿಚಯದವರ ರಾಂಚು, ಅಂದರೆ ದನ ಮೇಯಿಸುವ ದೊಡ್ಡ ಜಮೀನು. ಗುಡ್ಡದ ಮಗ್ಗುಲಿಗೆ ಎರಡು ಕಂಬ ನೆಟ್ಟು, ಮೇಲೆ ದಬ್ಬೆ ಕಟ್ಟಿ ತೆಂಗಿನಕಾಯಿ ತೂಗುಬಿಟ್ಟಿದ್ದರು. ಬಂದೂಕುಗಳಿಗೆ ಹೂವಿಟ್ಟು ಪೂಜೆಯಾಗಿತ್ತು. ಮ್ಯಾನಿ ಕುಂಕುಮದ ಬಟ್ಟಲಿನಿಂದ ದೂರವೇ ನಿಂತ. ರೇಷ್ಮಾ ಖಾಲಿ ಪೆಟ್ಟಿಗೆಯನ್ನು ತೆರೆದಿಟ್ಟುಕೊಂಡು ಅಮ್ಮನ ಹಿಂದೆ ಕೂತಿದ್ದಳು. ಡೀಲರು ಸೋಮವಾರ ಬರಲು ಹೇಳಿದ್ದಾನೆ ಎಂದು ಸುನಂದಾಳ ಹತ್ತಿರ ಹೇಳಿದ್ದಳಂತೆ.

ಮುತ್ತಮ್ಮ ಮೇಜಿನ ಮೇಲೆ ಮೊಳಕೈಯೂರಿ ಕೂತು ಗುರಿ ಹಿಡಿದರು. ಮ್ಯಾನಿಗೆ ಹಿಂದಕ್ಕೆ ನಿಲ್ಲು ಎಂದು ಹೇಳಿದ್ದೆ. ಕೇಳುವವನಲ್ಲ. ಗುಂಡು ಹಾರಿತು, ಪಕ್ಕಕ್ಕೆ ನುಗ್ಗಿದ ಗಾಳಿಗೆ ಅವನ ಟೋಪಿಯೂ ಹಾರಿತು. ತೆಂಗಿನಕಾಯಿ ಮಾತ್ರ ಇದ್ದಲ್ಲೇ ಇತ್ತು.

ನನ್ನ ಥ್ರೆಡ್ಡೇ ಓರೆಯಾಯಿತೇ ಎಂದು ಬಗ್ಗಿ ನಳಿಕೆಯ ತುದಿಯನ್ನೇ ನೋಡಿದೆ. ಮುತ್ತಮ್ಮ ತಿರುಗಿ ನನ್ನ ಮುಖ ನೋಡಿದರು.

"ನಳಿಕೆ ಸರಿಯಾಗಿ ಉಂಟು. ನಾನೇ ಕಣ್ಣು ಮುಚ್ಚಿಬಿಟ್ಟೆ. ಒದೆ ಬರ್ತದೆ ಅಂತ ಕಾದೆ, ಬರಲೇ ಇಲ್ಲ."

"ಅಮ್ಮಾ, ನೋವಾಯ್ತಾ?" ಎಂದಳು ರೇಷ್ಮಾ.

"ಇಲ್ಲ."

"ಡೋಂಟ್ ಲೈ ಟು ಮೀ."

"ಒತ್ತಿ ನೋಡು."

ರೇಷ್ಮಾ ಎದ್ದು ಬಂದು ಅಮ್ಮನ ಬಲಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ ಒತ್ತುತ್ತಾ ಅವರ ಮುಖವನ್ನೇ ನೋಡಿದಳು. ಭುಜವನ್ನು ನಾಲ್ಕು ಕಡೆ ಒತ್ತಿದಳು. ಮುತ್ತಮ್ಮನ ಹುಬ್ಬು ಕೂಡ ಅಲುಗಲಿಲ್ಲ. ಆಗ ಅವಳು ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದು ತೋಟಾ ತೆಗೆದು, ಎರಡು ಬೆರಳಿನಲ್ಲಿ ಅಂಜುತ್ತಾ ಹಿಡಿದು, ಅಮ್ಮನ ಅಂಗೈಯಲ್ಲಿಟ್ಟಳು.

ಎರಡನೆಯ ಗುಂಡಿಗೆ ಕಾಯಿ ಚೂರಾಯಿತು. ಕಾಯಿನೀರು ಗಾಳಿಗೆ ಹಾರಿ ಕಂಬದ ಸುತ್ತಲಿನ ಹುಲ್ಲಿನ ಮೇಲೆಲ್ಲ ಚಿಮ್ಮಿತು. ಮ್ಯಾನಿಗೆ ಕಣ್ಣಲ್ಲಿ ನೀರು ಬಂದಿತ್ತು. ಕಾಯಿನೀರು ಬಿತ್ತು ಎಂದು ಅವನು ಹೇಳಿದ, ಅವನಿದ್ದ ಜಾಗಕ್ಕೆ ಒಂದು ಹನಿಯೂ ಬಂದಿರಲಿಲ್ಲ.

ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೇಲೆ ಮುತ್ತಮ್ಮ ಕೀಲಿಕೈಯನ್ನು ಮಗಳಿಗೆ ಕೊಟ್ಟರು. "ಸೋಮವಾರ ಎಲ್ಲಿಗೂ ಹೋಗೋದು ಬೇಡ. ಇದು ನಿನ್ನ ಹತ್ತಿರ ಇರಲಿ. ನನಗೆ ಬೇಕಾದಾಗ ನಿನ್ನನ್ನು ಕೇಳುತ್ತೇನೆ." ಕೀಲಿಕೈ ನೇತಾಡುತ್ತಿದ್ದದ್ದು ನಾನು ಕತ್ತರಿಸಿ ಕೊಟ್ಟ ಆ ಉಕ್ಕಿನ ಉಂಗುರದಲ್ಲಿ.

ರೇಷ್ಮಾ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಉಂಗುರವನ್ನು ಬೆಳಕಿಗೆ ಎತ್ತಿ, ಅದರ ತೂತಿನೊಳಗಿನಿಂದ ಗುಡ್ಡವನ್ನು ನೋಡಿದಳು. ಲ್ಯಾಬಿನಲ್ಲಿ ಮೈಕ್ರೋಸ್ಕೋಪು ನೋಡುವವಳ ಕಣ್ಣು.

"ಅಂಕಲ್, ಇದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದೆ. ಯಾಕೆ?"

ನಾನು ಮ್ಯಾನಿಯ ಕಡೆ ನೋಡಿದೆ. ಅವನು ಬಗ್ಗಿ ಹುಲ್ಲಿನಲ್ಲಿ ಟೋಪಿ ಹುಡುಕುತ್ತಿದ್ದ. ಟೋಪಿ ಅವನ ತಲೆಯ ಮೇಲೇ ಇತ್ತು.

"ದಪ್ಪ ಇರೋ ಕಡೆ ಭಕ್ತಿ ಜಾಸ್ತಿ ಆಯ್ತು ಕಣಮ್ಮ" ಎಂದೆ.